ಡಿಪ್ಲೊಮಾ ಆಗಿದೆ, ಶಿಫ್ಟ್ ಕೆಲಸವಿದೆ, ಈಗ ಬಿ.ಇ. ಮಾಡಬಹುದೇ?

ಪ್ರಶ್ನೆ: ನನಗೆ 30 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಏಳು ವರ್ಷದಿಂದ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೇನೆ. ಫಸ್ಟ್, ಸೆಕೆಂಡ್, ನೈಟ್ ಎಂದು ವಾರಕ್ಕೊಂದು ಶಿಫ್ಟ್. ಸಂಬಳ 25,000 ರೂಪಾಯಿ, ತಿಂಗಳಿಗೆ ಸುಮಾರು 24 ಗಂಟೆ ಓ.ಟಿ. ಮಾಡುತ್ತೇನೆ. ಬಿ.ಇ. ಇಲ್ಲದೆ ಎಂಜಿನಿಯರ್ ಗ್ರೇಡ್ ಕೊಡಲು ಬರುವುದಿಲ್ಲ ಎಂದು ಎಚ್.ಆರ್. ಹೇಳಿದ್ದಾರೆ. ಒಬ್ಬ ಏಜೆಂಟರು, 'ನಿಮ್ಮ ಅನುಭವಕ್ಕೆ ಕ್ರೆಡಿಟ್ ಕೊಡಿಸುತ್ತೇವೆ, ಬೇರೆ ರಾಜ್ಯದ ವಿಶ್ವವಿದ್ಯಾಲಯ, ಕ್ಲಾಸಿಗೆ ಹೋಗಬೇಕಿಲ್ಲ, ಒಂದೇ ವರ್ಷದಲ್ಲಿ ಬಿ.ಟೆಕ್., ಒಟ್ಟು 1.8 ಲಕ್ಷ' ಎಂದರು. 10,000 ರೂಪಾಯಿ ಮುಂಗಡ ಕೊಟ್ಟು, ಡಿಪ್ಲೊಮಾದ ಮೂಲ ಅಂಕಪಟ್ಟಿಗಳನ್ನೂ ಕೊಟ್ಟಿದ್ದೇನೆ. ಸಂಜೆ ಕಾಲೇಜಿನ ಬಿ.ಇ.ಗೆ ಬೆಲೆಯಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ದೂರಶಿಕ್ಷಣದಲ್ಲಿ ಬಿ.ಸಿ.ಎ. ಮಾಡಿಬಿಡು ಎನ್ನುವವರೂ ಇದ್ದಾರೆ. ಮುಂದೆ ಸರ್ಕಾರಿ ಕೆಲಸಕ್ಕೋ ವಿದೇಶಕ್ಕೋ ಪ್ರಯತ್ನಿಸುವ ಆಸೆಯೂ ಇದೆ. ಮನೆಯಲ್ಲಿ ಮೂರು ವರ್ಷದ ಮಗುವಿದೆ. ಯಾವ ದಾರಿ ಹಿಡಿಯಲಿ?

ಉತ್ತರ: ಮೊದಲು ಅಂಕಪಟ್ಟಿಗಳನ್ನು ವಾಪಸ್ ತನ್ನಿ. ಉಳಿದ ಎಲ್ಲ ಪ್ರಶ್ನೆಗೂ ಸಮಯವಿದೆ, ಇದಕ್ಕಿಲ್ಲ. ನಿಜವಾದ ಕಾಲೇಜುಗಳು ಮೂಲ ದಾಖಲೆಗಳನ್ನು ನೋಡಿ, ತಾಳೆ ಹಾಕಿ, ಹಿಂದಿರುಗಿಸಬೇಕು. ಇಟ್ಟುಕೊಳ್ಳುವ ಹಾಗಿಲ್ಲ ಎಂದು ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ, ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಎಐಸಿಟಿಇ ಎರಡರ ನಿಯಮವೂ ಹೇಳುತ್ತದೆ. ಏಜೆಂಟರಿಗಂತೂ ಅವುಗಳ ಅಗತ್ಯವೇ ಇಲ್ಲ. ಬಾಯಿಮಾತಿನಲ್ಲಿ ಕೇಳಬೇಡಿ; ಯಾವ ದಿನ ಏನೇನು ಕೊಟ್ಟಿರಿ ಎಂಬುದನ್ನು ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ. 'ಯೂನಿವರ್ಸಿಟಿಗೆ ಕಳಿಸಿದ್ದೇವೆ' ಎಂಬ ಉತ್ತರ ಬಂದರೆ ಕಾಯುತ್ತ ಕೂರದೆ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಮುಂದೆ ತಾಂತ್ರಿಕ ಶಿಕ್ಷಣ ಇಲಾಖೆಯ ಪರೀಕ್ಷಾ ಮಂಡಳಿಯಲ್ಲಿ ಡೂಪ್ಲಿಕೇಟ್ ಅಂಕಪಟ್ಟಿ ಕೇಳಬೇಕಾಗಿ ಬಂದರೆ ಆ ಪ್ರತಿ ಕೆಲಸಕ್ಕೆ ಬರುತ್ತದೆ. ಮುಂಗಡದ ಹಣಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಬಹುದು. ಹಣ ಬರಲಿ, ಬಾರದಿರಲಿ, ಎರಡನೇ ಕಂತು ಮಾತ್ರ ಕೊಡಬೇಡಿ.

ಒಂದು ವರ್ಷದ ಬಿ.ಟೆಕ್. ಏಕೆ ಸಾಧ್ಯವಿಲ್ಲ

ಬಿ.ಇ. ಎಂದರೆ ಸುಮಾರು 160 ಕ್ರೆಡಿಟ್. ಡಿಪ್ಲೊಮಾ ಆದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರ್‌ಗೆ ಸೇರುತ್ತಾರೆ. ಮೊದಲ ವರ್ಷದ ಸುಮಾರು 40 ಕ್ರೆಡಿಟ್ ಕಳೆದು 120 ಉಳಿಯುತ್ತದೆ. ಡಿಪ್ಲೊಮಾಕ್ಕೆ ಸಿಗುವ ರಿಯಾಯಿತಿ ಇಷ್ಟೇ. ಆರು ಸೆಮಿಸ್ಟರ್‌ಗೆ ಹಂಚಿದರೆ ಸೆಮಿಸ್ಟರ್‌ಗೆ 20 ಕ್ರೆಡಿಟ್. ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್, ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ಈ ಲೆಕ್ಕದಲ್ಲಿ 120 ಕ್ರೆಡಿಟ್ಟನ್ನು ಒಂದು ವರ್ಷದಲ್ಲಿ ಮುಗಿಸಬೇಕಾದರೆ ಪೂರ್ಣಾವಧಿ ವಿದ್ಯಾರ್ಥಿ ಓದುವುದರ ಮೂರು ಪಟ್ಟು ಓದಬೇಕು. ಅದೂ ಕ್ಲಾಸಿಗೆ ಹೋಗದೆ!

ಕ್ರೆಡಿಟ್ ವರ್ಗಾವಣೆ ಎಂಬುದು ಸುಳ್ಳಲ್ಲ, ಅದಕ್ಕಾಗಿಯೇ ಈ ಮಾತು ನಂಬಿಕೆ ಹುಟ್ಟಿಸುತ್ತದೆ. 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆಯಲ್ಲಿ ಒಂದು ಸಂಸ್ಥೆಯಲ್ಲಿ ಗಳಿಸಿದ ಕ್ರೆಡಿಟ್ಟನ್ನು ಇನ್ನೊಂದು ಸಂಸ್ಥೆಗೆ ಒಯ್ಯಬಹುದು. ಆದರೆ ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. ಒಯ್ಯುವ ಕ್ರೆಡಿಟ್ ಕೂಡ ಮಾನ್ಯ ಸಂಸ್ಥೆಯೊಂದು ಮೌಲ್ಯಮಾಪನ ಮಾಡಿ ಕೊಟ್ಟದ್ದಾಗಿರಬೇಕು. ಏಳು ವರ್ಷ ವರ್ನಿಯರ್, ಮೈಕ್ರೋಮೀಟರ್ ಹಿಡಿದ ಅನುಭವ ಬೆಲೆಬಾಳುವಂಥದ್ದೇ; ಅದನ್ನು 80 ಕ್ರೆಡಿಟ್ ಎಂದು ಬರೆದುಕೊಡುವ ಅಧಿಕಾರ ಮಾತ್ರ ಯಾವ ಏಜೆಂಟರಿಗೂ ಇಲ್ಲ.

ಇಂಥ ಕಡೆ ನಿಜಕ್ಕೂ ಮಾರಾಟವಾಗುವುದು ಮೂರು ಬಗೆಯ ಕಾಗದ. ಒಂದು, ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿರುವ ಹೆಸರಿನದು. ಎರಡು, ವಿಶ್ವವಿದ್ಯಾಲಯ ನಿಜವೇ ಆದರೂ ಆ ಕೋರ್ಸನ್ನು ಆ ವಿಧಾನದಲ್ಲಿ ನಡೆಸಲು ಅನುಮತಿ ಇಲ್ಲದ್ದು. ಎಂಜಿನಿಯರಿಂಗ್ ಪದವಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಡುವಂತಿಲ್ಲ ಎಂದು ಯುಜಿಸಿಯ 2020ರ ನಿಯಮಾವಳಿ ಹೇಳುತ್ತದೆ. ಅದಕ್ಕೂ ಮೊದಲು, 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್, ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಬಗ್ಗೆ ತೀರ್ಪು ಕೊಟ್ಟಿತು. 2001ರಿಂದ 2005ರವರೆಗೆ ಸೇರಿದವರ ಪದವಿಗಳು ಅಮಾನತಾಗಿ, ಅವರು ಎಐಸಿಟಿಇ ಪರೀಕ್ಷೆ ಬರೆದು ಪಾಸಾಗಬೇಕಾಯಿತು. ಆಮೇಲೆ ಸೇರಿದವರ ಪದವಿಗಳು ರದ್ದಾದವು. ವರ್ಷಗಟ್ಟಲೆ ಸೇವೆ ಮಾಡಿ, ಅದೇ ಪದವಿಯ ಮೇಲೆ ಬಡ್ತಿ ಪಡೆದಿದ್ದವರೂ ಅವರಲ್ಲಿ ಇದ್ದರು.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಹಿಂದಿನ ವರ್ಷಗಳ ದಿನಾಂಕ ಹಾಕಿದ, 'ರೆಗ್ಯುಲರ್' ಎಂದು ಮುದ್ರಿಸಿದ ಅಂಕಪಟ್ಟಿ. ಇದು ಎಲ್ಲಿ ಸಿಕ್ಕಿಬೀಳುತ್ತದೆ ಗೊತ್ತೇ? ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ನಿಮ್ಮ ಪಿ.ಎಫ್. ದಾಖಲೆಯನ್ನೂ ಅಂಕಪಟ್ಟಿಯನ್ನೂ ಪಕ್ಕಪಕ್ಕ ಇಡುತ್ತಾರೆ. ಪ್ರತಿ ತಿಂಗಳೂ ಬೆಂಗಳೂರಿನ ಕಾರ್ಖಾನೆಯಿಂದ ಪಿ.ಎಫ್. ಕಟ್ಟಲಾಗಿದೆ, ಅದೇ ಅವಧಿಯಲ್ಲಿ ಸಾವಿರ ಕಿಲೋಮೀಟರ್ ದೂರದ ಕಾಲೇಜಿನಲ್ಲಿ ಪೂರ್ಣಾವಧಿ ಹಾಜರಿ ಇದೆ. ವಿಶ್ವವಿದ್ಯಾಲಯ 'ಅಂಕಪಟ್ಟಿ ನಮ್ಮದೇ' ಎಂದು ಉತ್ತರಿಸಿದರೂ ಈ ಎರಡು ಕಾಗದ ಹೊಂದುವುದಿಲ್ಲ. ಹೋಗುವುದು ಹೊಸ ಕೆಲಸ ಮಾತ್ರವಲ್ಲ. ಸುಳ್ಳು ದಾಖಲೆ ಕೊಟ್ಟ ಕಾರಣಕ್ಕೆ ಈಗಿರುವ ಕೆಲಸವೂ ಹೋಗಬಹುದು, ಕ್ರಿಮಿನಲ್ ಪ್ರಕರಣವೂ ಆಗಬಹುದು.

ಹಿರಿಯ ಸಹೋದ್ಯೋಗಿಗಳು, ಎಂಜಿನಿಯರುಗಳ ಸಂಸ್ಥೆ ನಡೆಸುವ ಎ.ಎಂ.ಐ.ಇ. ಪರೀಕ್ಷೆ ಮಾಡು ಎಂದಾರು. ಅವರ ಕಾಲಕ್ಕೆ ಅದು ಸರಿಯಾದ ಸಲಹೆಯೇ. ಆದರೆ 2013ರ ಮೇ 31ರವರೆಗೆ ನೋಂದಾಯಿಸಿದವರಿಗೆ ಮಾತ್ರ ಅದು ಬಿ.ಇ.ಗೆ ಸಮ. ಈಗ ಸೇರಿದರೆ ಆ ಸಮಾನತೆ ಸಿಗುವುದಿಲ್ಲ.

ಸಂಜೆ ಬಿ.ಇ.: ಬೆಲೆಯಿಲ್ಲ ಎಂಬ ಮಾತು

ಉದ್ಯೋಗಸ್ಥರಿಗೆಂದೇ ಪ್ರತ್ಯೇಕ ಬ್ಯಾಚ್ ನಡೆಸಲು 2023-24ರ ಶೈಕ್ಷಣಿಕ ವರ್ಷದಿಂದ ಎಐಸಿಟಿಇ ಕಾಲೇಜುಗಳಿಗೆ ಅನುಮತಿ ಕೊಡುತ್ತಿದೆ. ತರಗತಿ ಸಂಜೆಯೋ ವಾರಾಂತ್ಯವೋ ಇರಬಹುದು. ಪಠ್ಯ, ಪರೀಕ್ಷೆ, ಪದವಿ ಕೊಡುವ ವಿಶ್ವವಿದ್ಯಾಲಯ ಹಗಲು ವಿದ್ಯಾರ್ಥಿಗಳದ್ದೇ. 'ಬೆಲೆಯಿಲ್ಲ' ಎಂಬ ಮಾತು ಹುಟ್ಟಿದ್ದು ಅನುಮೋದನೆಯೇ ಇಲ್ಲದ ಸಂಜೆ ಕೋರ್ಸುಗಳಿಂದ, ದೂರಶಿಕ್ಷಣದ ಬಿ.ಟೆಕ್.ಗಳಿಂದ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದ್ದರಿಂದ ಒಳ್ಳೆಯ ಕೋರ್ಸಿಗೂ ಕೆಟ್ಟ ಹೆಸರು ಬಂತು.

ಅರ್ಹತೆಯ ಮುಖ್ಯ ಅಂಶಗಳು ಇವು. ಡಿಪ್ಲೊಮಾದಲ್ಲಿ ಶೇ 45 ಅಂಕ, ಮೀಸಲಾತಿ ವರ್ಗದವರಿಗೆ ಶೇ 40. ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಕೆಲಸದ ಅನುಭವ. ನೋಂದಾಯಿತ ಸಂಸ್ಥೆಯಲ್ಲಿ ಉದ್ಯೋಗ. ಸಣ್ಣ ಕೈಗಾರಿಕೆಯಾದರೂ ಆಗುತ್ತದೆ. ಕೆಲಸದ ಜಾಗ ಕಾಲೇಜಿನಿಂದ ನಿಗದಿತ ದೂರದೊಳಗೆ ಇರಬೇಕು ಎಂಬ ಷರತ್ತೂ ಇದೆ. ನೀವು ಪೀಣ್ಯದಲ್ಲಿ ಇರುವುದರಿಂದ ಬೆಂಗಳೂರಿನ ಕಾಲೇಜುಗಳಿಗೆ ಅದು ತೊಡಕಾಗದು. ಸಂಬಳದ ಚೀಟಿಯಲ್ಲಿ ಯಾರ ಹೆಸರಿದೆ ಎಂಬುದನ್ನು ಒಮ್ಮೆ ನೋಡಿ. ಕಾರ್ಖಾನೆಯ ಹೆಸರೋ, ಕಾಂಟ್ರ್ಯಾಕ್ಟರ್ ಹೆಸರೋ? ಅನುಭವ ಪ್ರಮಾಣಪತ್ರ ಮತ್ತು ನಿರಾಕ್ಷೇಪಣಾ ಪತ್ರ ಕೊಡಬೇಕಾದವರು ಸಂಬಳ ಕೊಡುವವರು. ಒಬ್ಬರ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ, ಇನ್ನೊಬ್ಬರ ಹೆಸರಲ್ಲಿ ಪಿ.ಎಫ್. ಇದ್ದರೆ ದಾಖಲೆ ಪರಿಶೀಲನೆಯಲ್ಲಿ ಅರ್ಜಿ ಅಲ್ಲೇ ನಿಲ್ಲುತ್ತದೆ.

ಪ್ರವೇಶ ಕೌಂಟರ್‌ನಲ್ಲಿ ಬ್ರೋಷರ್ ಓದುತ್ತ ಕೂರಬೇಡಿ. 'ಈ ವರ್ಷದ ಎಕ್ಸ್‌ಟೆನ್ಶನ್ ಆಫ್ ಅಪ್ರೂವಲ್ ಪತ್ರ ತೋರಿಸಿ' ಎನ್ನಿ. ಎಐಸಿಟಿಇ ಪ್ರತಿ ಕಾಲೇಜಿಗೂ ಕೊಡುವ ಆ ಪತ್ರದಲ್ಲಿ ಯಾವ ಶಾಖೆಗೆ ಎಷ್ಟು ಸೀಟು ಎಂದು ಸಾಲುಸಾಲಾಗಿ ಇರುತ್ತದೆ. ಮೆಕ್ಯಾನಿಕಲ್ ಶಾಖೆಯ ಮುಂದೆ ಉದ್ಯೋಗಸ್ಥರ ಬ್ಯಾಚ್ ಎಂಬ ನಮೂದು ಕಾಣಬೇಕು. ಹಗಲು ಕೋರ್ಸಿಗೆ ಅನುಮತಿ ಪಡೆದು, ಅದೇ ಹೆಸರಿನಲ್ಲಿ ಸಂಜೆ ಪಾಠ ಮಾಡುವುದು ಬೇರೆ. ಆಗ ನಿಮ್ಮ ಹಾಜರಿ ಪುಸ್ತಕದಲ್ಲಿ ಹಗಲು ತರಗತಿಯಲ್ಲಿ ಕೂತಂತೆ ದಾಖಲಾಗುತ್ತದೆ, ಮತ್ತೆ ಅದೇ ಪಿ.ಎಫ್. ತಾಳೆಯ ಸಮಸ್ಯೆಗೆ ಬಂದು ನಿಲ್ಲುತ್ತೀರಿ. ಎಐಸಿಟಿಇ ಪತ್ರದ ಜೊತೆ ವಿಶ್ವವಿದ್ಯಾಲಯದ ಸಂಯೋಜನೆಯೂ ಆ ಬ್ಯಾಚಿಗೆ ಇದೆಯೇ ನೋಡಿ. ಬ್ಯಾಚುಗಳು ಚಿಕ್ಕವು, ಸಾಕಷ್ಟು ಜನ ಸೇರದಿದ್ದರೆ ಆ ವರ್ಷ ಆರಂಭವಾಗದಿರಬಹುದು. ಕೋರ್ಸ್ ಆರಂಭವಾಗುವ ಮೊದಲೇ ನೀವು ಹಿಂದೆ ಸರಿದರೆ 1,000 ರೂಪಾಯಿಗಿಂತ ಹೆಚ್ಚು ಹಿಡಿದುಕೊಳ್ಳದೆ ಶುಲ್ಕ ಮರಳಿಸಬೇಕು ಎಂಬುದು ಎಐಸಿಟಿಇ ನಿಯಮ, ರಸೀದಿ ಜೋಪಾನ.

ಮಧ್ಯದಲ್ಲಿ ಕೆಲಸ ಬದಲಾಯಿಸಿದರೆ, ಕೆಲಸ ಹೋದರೆ ಸೀಟಿನ ಗತಿ ಏನು ಎಂಬುದನ್ನೂ ಸೇರುವ ಮೊದಲೇ ಕಾಲೇಜಿನಿಂದ ಬರಹದಲ್ಲಿ ಕೇಳಿಕೊಳ್ಳಿ.

ಅಡ್ಡಿ ಹಣವಲ್ಲ, ಶಿಫ್ಟ್

ಕೆಲಸದ ಜೊತೆ ಬಿ.ಇ. ಸೇರಿ ಅರ್ಧಕ್ಕೆ ಬಿಡುವವರಲ್ಲಿ ಹೆಚ್ಚಿನವರು ಬುದ್ಧಿ ಸಾಲದೆ ಬಿಡುವುದಿಲ್ಲ. ಹಾಜರಿ ಸಾಲದೆ ಬಿಡುತ್ತಾರೆ. ನಿಮ್ಮ ವಿಷಯದಲ್ಲಿ ಇದರ ಲೆಕ್ಕ ಮೊದಲೇ ಮಾಡಬಹುದು, ಹಾಗಾಗಿ ಮಾಡಿಯೇ ನೋಡೋಣ.

20 ಕ್ರೆಡಿಟ್ಟಿಗೆ ಲ್ಯಾಬ್ ಸೇರಿ ವಾರಕ್ಕೆ 21 ಗಂಟೆಯಾದರೂ ತರಗತಿ ಬೇಕು. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಮೂರೂವರೆ ಗಂಟೆ, ಅಂದರೆ ಸಂಜೆ 6ರಿಂದ 9.30. ನಿಮ್ಮದು ವಾರಕ್ಕೊಮ್ಮೆ ತಿರುಗುವ ಮೂರು ಶಿಫ್ಟ್. ಮಧ್ಯಾಹ್ನ 2ರಿಂದ ರಾತ್ರಿ 10ರ ಸೆಕೆಂಡ್ ಶಿಫ್ಟ್ ಬಂದ ವಾರ ಆರಕ್ಕೆ ಆರೂ ತರಗತಿ ತಪ್ಪುತ್ತದೆ. ಮೂರು ವಾರದಲ್ಲಿ ಒಂದು ವಾರ ಪೂರ್ತಿ ಹೋದರೆ, ಉಳಿದೆರಡು ವಾರ ಒಂದು ದಿನವೂ ತಪ್ಪಿಸದಿದ್ದರೂ ಹಾಜರಿ ಶೇ 67 ದಾಟದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು) ಬೇಕಾದದ್ದು ಶೇ 85. ಸಕಾರಣವಿದ್ದರೆ ಶೇ 10ರವರೆಗೆ ಮನ್ನಾ ಆಗಬಹುದು, ಅಂದರೂ ಶೇ 75. ಸಂಜೆ ಬ್ಯಾಚೆಂದು ಇದು ಸಡಿಲವಾಗುತ್ತದೆ ಎಂದು ಎಣಿಸಬೇಡಿ. ಮಗುವಿಗೆ ಜ್ವರ ಬಂದ ದಿನ, ಆಡಿಟ್ ಇರುವ ದಿನ, ತುಮಕೂರು ರಸ್ತೆಯಲ್ಲಿ ಟ್ರಾಫಿಕ್ ನಿಂತ ದಿನ ಇವೆಲ್ಲ ಈ ಲೆಕ್ಕಕ್ಕೆ ಇನ್ನೂ ಸೇರಿಲ್ಲ.

ಅಂದರೆ ಈಗಿನ ಶಿಫ್ಟ್ ಪದ್ಧತಿಯಲ್ಲಿ ನೀವು ಸೇರಲೇಬಾರದು. ಇದನ್ನು ಮೃದುವಾಗಿ ಹೇಳಿ ಪ್ರಯೋಜನವಿಲ್ಲ. ಮೊದಲ ಸೆಮಿಸ್ಟರ್‌ನಲ್ಲೇ ಪರೀಕ್ಷೆಗೆ ಕೂರಲು ಆಗದೆ, ಶುಲ್ಕವೂ ವರ್ಷವೂ ಹೋಗುತ್ತದೆ.

ನಿಮಗೆ ಬೇಕಾದದ್ದು ಜನರಲ್ ಶಿಫ್ಟ್, ಅಂದರೆ ವಾರವಾರ ತಿರುಗದ ಹಗಲು ಪಾಳಿ. ಅದಾಗದಿದ್ದರೆ ಕಾಯಂ ಫಸ್ಟ್ ಶಿಫ್ಟ್: ಬೆಳಿಗ್ಗೆ 6ರಿಂದ 2. ಫಸ್ಟ್ ಶಿಫ್ಟ್‌ನಲ್ಲಿ ಒಂದು ಲಾಭವಿದೆ. 2ರಿಂದ 6ರ ನಡುವೆ ಊಟ, ಒಂದು ಗಂಟೆ ನಿದ್ದೆ, ಒಂದೂವರೆ ಗಂಟೆ ಓದು ಆಗುತ್ತದೆ. ನಷ್ಟವೆಂದರೆ ರಾತ್ರಿ ಹತ್ತೂವರೆಗೆ ಮನೆ ಸೇರಿ ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು. ಆ ಮಧ್ಯಾಹ್ನದ ನಿದ್ದೆಯನ್ನು ಬಿಟ್ಟುಕೊಡಬೇಡಿ. ಗೇಜ್ ಓದುವ ಕೆಲಸದವರು ನಿದ್ದೆಗೆಟ್ಟರೆ ಪೆಟ್ಟು ಬೀಳುವುದು ಓದಿಗೆ ಮಾತ್ರವಲ್ಲ.

ಸಹೋದ್ಯೋಗಿಯ ಜೊತೆ ಶಿಫ್ಟ್ ಅದಲುಬದಲು ಮಾಡಿಕೊಳ್ಳುತ್ತೇನೆ ಎಂಬ ಭರವಸೆಯ ಮೇಲೆ ಮೂರು ವರ್ಷದ ಕೋರ್ಸಿಗೆ ಇಳಿಯಬೇಡಿ. ಸೂಪರ್‌ವೈಸರ್ ಬದಲಾದ ದಿನ ಆ ಏರ್ಪಾಡು ಮುರಿಯುತ್ತದೆ. ಮ್ಯಾನೇಜರ್ ಮತ್ತು ಎಚ್.ಆರ್. ಇಬ್ಬರೂ ಇರುವ ಇಮೇಲ್‌ನಲ್ಲಿ ಮೂರು ವಿಷಯ ಕೇಳಿ: ಕೋರ್ಸ್ ಮುಗಿಯುವವರೆಗೆ ಇಂಥ ಶಿಫ್ಟ್; ಪರೀಕ್ಷೆಯ ದಿನಗಳಲ್ಲಿ ರಜೆ; ಕೆಲಸ ಮಾಡುತ್ತ ಪಡೆದ, ಎಐಸಿಟಿಇ ಅನುಮೋದಿತ ಬಿ.ಇ.ಗೆ ಎಂಜಿನಿಯರ್ ಗ್ರೇಡ್ ಕೊಡುತ್ತೀರಾ ಎಂಬುದಕ್ಕೆ ಸ್ಪಷ್ಟ ಉತ್ತರ. ಮೂರನೆಯದನ್ನು ಕೇಳಲು ಅನೇಕರು ಹಿಂಜರಿಯುತ್ತಾರೆ. ಕೆಲವು ಕಂಪನಿಗಳ ನೀತಿಯಲ್ಲಿ 'ಪೂರ್ಣಾವಧಿ ಬಿ.ಇ.' ಎಂದೇ ಬರೆದಿರುತ್ತದೆ. ಕೆಲವೆಡೆ ಮೊದಲೇ ತಿಳಿಸದೆ ಮಾಡಿದ ಓದನ್ನು ಸೇವಾ ದಾಖಲೆಗೆ ಸೇರಿಸುವುದೇ ಇಲ್ಲ. ಇದು ಪದವಿ ಕೈಗೆ ಬಂದಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ.

ಕಂಪನಿಗೆ ಏನು ಲಾಭ ಎಂದು ಕೇಳಿದರೆ ನಿಮ್ಮ ಬಳಿ ಉತ್ತರವಿರಲಿ. ಕೊನೆಯ ವರ್ಷದ ಪ್ರಾಜೆಕ್ಟನ್ನು, ಕಾಲೇಜು ಒಪ್ಪಿದರೆ, ನಿಮ್ಮ ಲೈನಿನ ರಿಜೆಕ್ಷನ್ ಸಮಸ್ಯೆಯ ಮೇಲೆಯೇ ಮಾಡಬಹುದು. ಮಾತಿನಲ್ಲಿ ಹೇಳುವುದಕ್ಕಿಂತ, ಕಳೆದ ಆರು ತಿಂಗಳಲ್ಲಿ ಯಾವ ಭಾಗ, ಯಾವ ಆಯಾಮದಲ್ಲಿ ಹೆಚ್ಚು ರಿಜೆಕ್ಟ್ ಆಗಿದೆ ಎಂಬ ಒಂದು ಪುಟದ ಟಿಪ್ಪಣಿಯೊಂದಿಗೆ ಹೋಗಿ.

ಪರೀಕ್ಷೆಗೆ ರಜೆ ಕೊಡಲೇಬೇಕೆಂಬ ಕಾನೂನು ಖಾಸಗಿ ಉದ್ಯೋಗದಲ್ಲಿಲ್ಲ. ಕಾರ್ಖಾನೆ ಕಾರ್ಮಿಕರಿಗೆ 20 ದಿನ ದುಡಿದರೆ ಒಂದು ದಿನದಂತೆ ಗಳಿಕೆ ರಜೆ ಕೂಡುತ್ತದೆ. ವರ್ಷಕ್ಕೆ 14-15 ದಿನವಾದೀತು. ಎರಡು ಸೆಮಿಸ್ಟರ್ ಪರೀಕ್ಷೆಗೆ ಅದು ಸರಿಸಮ, ಹಬ್ಬಕ್ಕೂ ಊರಿಗೂ ಉಳಿಯುವುದಿಲ್ಲ. ಮನೆಯವರೊಂದಿಗೆ ಈ ಮಾತು ಮೊದಲೇ ಆಗಿರಲಿ.

ಕಂಪನಿಯೇ ಶುಲ್ಕ ಕಟ್ಟಲು ಮುಂದಾದರೆ, ಇಷ್ಟು ವರ್ಷ ಕೆಲಸ ಬಿಡುವಂತಿಲ್ಲ ಎಂಬ ಬಾಂಡ್ ಬರುತ್ತದೆ. ಬಾಂಡಿಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂಬುದು ಹರಡಿರುವ ಇನ್ನೊಂದು ತಪ್ಪು ತಿಳಿವಳಿಕೆ. ಅವಧಿಗೆ ಮುನ್ನ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಸಾರ್ವಜನಿಕ ವಲಯದ ಬ್ಯಾಂಕೊಂದರ ಬಾಂಡನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಸಹಿ ಹಾಕುವ ಮೊದಲು ಬಾಂಡ್ ಎಷ್ಟು ವರ್ಷದ್ದು, ಅದು ಪದವಿ ಮುಗಿದ ದಿನದಿಂದ ಶುರುವೋ ಸೇರಿದ ದಿನದಿಂದಲೋ, ಸೇವೆ ಸಲ್ಲಿಸಿದಷ್ಟು ಮೊತ್ತ ಇಳಿಯುತ್ತದೆಯೋ ನೋಡಿ. ಕೊನೆಯದು ಇಲ್ಲದಿದ್ದರೆ ಸೇರಿಸಲು ಕೇಳಿ.

ಖರ್ಚಿನಲ್ಲಿ ಎಲ್ಲರೂ ಮರೆಯುವ ಸಾಲು

ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಓಡಾಟ ಇವನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಓ.ಟಿ. ನಷ್ಟವನ್ನು ಬರೆಯುವುದಿಲ್ಲ. ನಿಮ್ಮ 25,000ವನ್ನು 26 ದಿನ, ದಿನಕ್ಕೆ 8 ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 120 ರೂಪಾಯಿ. ಓ.ಟಿ.ಗೆ ದುಪ್ಪಟ್ಟು, 240. ತಿಂಗಳಿಗೆ 24 ಗಂಟೆಗೆ ಸುಮಾರು 5,770 ರೂಪಾಯಿ. ಸಂಜೆ ತರಗತಿ ಶುರುವಾದರೆ ಇದು ಬಹುಪಾಲು ನಿಲ್ಲುತ್ತದೆ. ಮೂರು ವರ್ಷಕ್ಕೆ 2 ಲಕ್ಷ ರೂಪಾಯಿ ದಾಟುತ್ತದೆ. ಮನೆ ಬಾಡಿಗೆಯೋ ಸಾಲದ ಕಂತೋ ಈ ಓ.ಟಿ. ಹಣದ ಮೇಲೆ ನಿಂತಿದ್ದರೆ, ಸೇರುವ ಮುನ್ನ ಮೂರು ತಿಂಗಳು ಓ.ಟಿ. ಇಲ್ಲದೆ ಸಂಸಾರ ನಡೆಸಿ ನೋಡಿ. ಆ ಮೂರು ತಿಂಗಳಲ್ಲಿ ಕಷ್ಟವಾದದ್ದು ಮೂರು ವರ್ಷದಲ್ಲಿ ಸುಲಭವಾಗುವುದಿಲ್ಲ.

ಯಾವ ಕೆಲಸಕ್ಕೆ ಯಾವ ಪದವಿ

ನಿಮ್ಮ ಪತ್ರದಲ್ಲಿ ಮೂರು ಗುರಿಗಳಿವೆ: ಕಂಪನಿಯಲ್ಲೇ ಬಡ್ತಿ, ಸರ್ಕಾರಿ ಕೆಲಸ, ವಿದೇಶ. ಮೂರಕ್ಕೂ ಬೇಕಾದ ಪದವಿ ಒಂದೇ ಅಲ್ಲ.

ಕಂಪನಿಯ ಎಂಜಿನಿಯರ್ ಗ್ರೇಡಿಗೆ ಬಿ.ಇ. ಬೇಕು, ಬಿ.ಸಿ.ಎ. ನಡೆಯದು. ಬಿ.ಸಿ.ಎ. ಕಂಪ್ಯೂಟರ್ ಅನ್ವಯಗಳ ಪದವಿ, ಮೆಕ್ಯಾನಿಕಲ್ ಹುದ್ದೆಗೆ ಅದನ್ನು ಯಾರೂ ಎಣಿಸುವುದಿಲ್ಲ. ನೀವು ಸಾಫ್ಟ್‌ವೇರ್ ಕಡೆ ಹೊರಳುವ ಮನಸ್ಸಿದ್ದರಷ್ಟೇ ಅದು ದಾರಿ.

ಸರ್ಕಾರಿ ಕೆಲಸದಲ್ಲಿ ಎರಡು ಕವಲು. ಸಹಾಯಕ ಎಂಜಿನಿಯರ್ ಹುದ್ದೆಗೆ ಆಯಾ ಶಾಖೆಯ ಬಿ.ಇ. ಬೇಕು. ಕೆ.ಎ.ಎಸ್., ಎಫ್.ಡಿ.ಎ., ಬ್ಯಾಂಕ್ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು. ಆ ಗುರಿ ಇದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೋ ಇಗ್ನೊವೋ ಕೊಡುವ ಬಿ.ಎ., ಬಿ.ಕಾಂ. ನಿಮ್ಮ ಶಿಫ್ಟಿಗೂ ಒಗ್ಗುತ್ತದೆ, ಖರ್ಚೂ ಕಡಿಮೆ. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಆದರೆ ಮಾನ್ಯತೆಯನ್ನು ನೀವು ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ ನೋಡಬೇಕು, ವಿಶ್ವವಿದ್ಯಾಲಯದ ಹೆಸರಿಗಲ್ಲ. ಮುಕ್ತ ವಿ.ವಿ.ಗೇ 2013-14ರಿಂದ ಮಾನ್ಯತೆ ನಿಂತು 2018ರಲ್ಲಿ ಮರಳಿತು. ನಡುವಿನ ವರ್ಷಗಳ ವಿದ್ಯಾರ್ಥಿಗಳು ಪಟ್ಟ ಪಾಡು ಕರ್ನಾಟಕಕ್ಕೆಲ್ಲ ಗೊತ್ತು. ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ವರ್ಷವಾರು ಪಟ್ಟಿ ಇದೆ. ಈಗ ದೂರಶಿಕ್ಷಣಕ್ಕೂ ಆನ್‌ಲೈನ್ ಪದವಿಗೂ ಸೇರುವ ಮೊದಲು ಅಲ್ಲಿ ನೀವೇ ಡೆಬ್-ಐಡಿ ಎಂಬ ಗುರುತು ಸಂಖ್ಯೆ ಪಡೆಯಬೇಕು. ಅದಿಲ್ಲದೆ ಪ್ರವೇಶ ಮಾಡಿಸುತ್ತೇವೆ ಎನ್ನುವವರಿಂದ ದೂರವಿರಿ.

ವಯಸ್ಸನ್ನೂ ಲೆಕ್ಕಕ್ಕಿಡಿ. ರಾಜ್ಯದ ಹುದ್ದೆಗಳಿಗೆ ಸಾಮಾನ್ಯವಾಗಿ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟರಿಗೂ ಪ್ರವರ್ಗ 1ಕ್ಕೂ 40. ಮುಂದಿನ ಸಾಲಿನಲ್ಲಿ ಸೇರಿ ಒಂದು ವಿಷಯವೂ ಉಳಿಯದೆ ಪಾಸಾದರೂ ಬಿ.ಇ. ಕೈಗೆ ಬರುವಾಗ ನಿಮಗೆ 34. ಸಾಮಾನ್ಯ ವರ್ಗದವರಾದರೆ ಸಿಗುವುದು ಒಂದೋ ಎರಡೋ ಅಧಿಸೂಚನೆ; ಅದನ್ನೇ ನೆಚ್ಚಿ ಬಿ.ಇ. ಸೇರುವುದು ಬೇಡ.

ವಿದೇಶದ ಮಾತಿಗೆ ಬಂದರೆ ಒಂದು ಸೂಕ್ಷ್ಮವಿದೆ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಿಂದ ಪೂರ್ಣ ಸದಸ್ಯ. ಆದರೆ ಅದರ ಅನುಕೂಲ, ಕೋರ್ಸುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಬಿಎಯ ಟಯರ್-1 ಮಾನ್ಯತೆ ಪಡೆದ ಕೋರ್ಸಿಗೆ ಮಾತ್ರ. ಸ್ವಾಯತ್ತ ಕಾಲೇಜುಗಳು, ವಿಶ್ವವಿದ್ಯಾಲಯಗಳು ಟಯರ್-1ರಲ್ಲಿ ಬರುತ್ತವೆ. ಸ್ವಾಯತ್ತವಲ್ಲದ ಸಂಯೋಜಿತ ಕಾಲೇಜುಗಳು ಟಯರ್-2. ಎರಡು ಕಾಲೇಜಿನ ನಡುವೆ ಆಯ್ಕೆಯ ಪ್ರಶ್ನೆ ಬಂದರೆ ಇದನ್ನು ಕೇಳಿ.

ಬೇರೆ ದಾರಿಗಳು

ಕೆಲಸ ಬಿಟ್ಟು, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಹಗಲು ಕಾಲೇಜಿಗೆ ಸೇರುವುದು ಓದಿನ ಮಟ್ಟಿಗೆ ಅತ್ಯುತ್ತಮ, ಸಂಸಾರದ ಮಟ್ಟಿಗೆ ಅತಿ ಕಷ್ಟ. ಮೂರು ವರ್ಷದ ಸಂಬಳವೇ ಹೋಗುತ್ತದೆ. ಮೂರು ವರ್ಷದ ಮಗುವಿರುವ, ಒಬ್ಬರೇ ದುಡಿಯುವ ಮನೆಗೆ ನಾನು ಇದನ್ನು ಹೇಳುವುದಿಲ್ಲ.

ಬಿಟ್ಸ್ ಪಿಲಾನಿ 1979ರಿಂದ ಉದ್ಯೋಗಸ್ಥರಿಗಾಗಿ, ದೂರಶಿಕ್ಷಣವೆಂದಲ್ಲದೆ ಅವರ ಕೆಲಸಕ್ಕೆ ಜೋಡಿಸಿ ನಡೆಸುತ್ತಿರುವ ಕೆಲಸ-ಸಂಯೋಜಿತ ಕೋರ್ಸುಗಳಲ್ಲಿ ಡಿಪ್ಲೊಮಾದವರಿಗೆ ಬಿ.ಟೆಕ್. ಕೂಡ ಇದೆ. ಪಾಠಗಳು ಹೆಚ್ಚಾಗಿ ವಾರಾಂತ್ಯದಲ್ಲಿ ಆನ್‌ಲೈನ್ ನಡೆಯುವುದರಿಂದ ಶಿಫ್ಟ್ ಬದಲಾಗದವರಿಗೆ ಇದು ಅನುಕೂಲ. ಕಂಪನಿ ಅದನ್ನು ಒಪ್ಪುತ್ತದೆಯೇ ಎಂಬುದನ್ನು ಕೋರ್ಸಿನ ಪೂರ್ಣ ಹೆಸರು ಬರೆದೇ ಎಚ್.ಆರ್. ಬಳಿ ಕೇಳಿ.

ಇನ್ನು ಪದವಿಯಲ್ಲದ ಒಂದು ದಾರಿಯನ್ನು ನಿಮ್ಮಂಥವರು ತೀರಾ ಹಗುರವಾಗಿ ಕಾಣುತ್ತಾರೆ. ಕ್ವಾಲಿಟಿ ವಿಭಾಗದಲ್ಲಿ ಸಿ.ಎಂ.ಎಂ. (ಭಾಗಗಳ ಆಯಾಮ ಅಳೆಯುವ ಯಂತ್ರ) ಪ್ರೋಗ್ರಾಮಿಂಗ್, ಜಿ.ಡಿ. ಆ್ಯಂಡ್ ಟಿ. (ನಕ್ಷೆಯಲ್ಲಿ ಆಕಾರ, ಅಳತೆಯ ಮಿತಿ ಸೂಚಿಸುವ ಪದ್ಧತಿ), ಎನ್.ಡಿ.ಟಿ. (ಭಾಗ ಹಾಳುಮಾಡದೆ ಮಾಡುವ ಪರೀಕ್ಷೆ) ಲೆವೆಲ್-2, ಐ.ಎ.ಟಿ.ಎಫ್. 16949 (ವಾಹನ ಉದ್ಯಮದ ಗುಣಮಟ್ಟದ ಮಾನದಂಡ) ಆಂತರಿಕ ಆಡಿಟ್ ಇವು ಬಲ್ಲವರಿಗೆ ಬೇಡಿಕೆ ಬೇರೆಯೇ ಇದೆ. ತುಮಕೂರು ರಸ್ತೆಯ ಸಿ.ಎಂ.ಟಿ.ಐ., ರಾಜಾಜಿನಗರದ ಜಿ.ಟಿ.ಟಿ.ಸಿ. ನಿಮಗೆ ಹತ್ತಿರ, ಅಲ್ಲಿ ಅಲ್ಪಾವಧಿ ತರಬೇತಿಗಳು ನಡೆಯುತ್ತವೆ. ಗ್ರೇಡ್ ಬದಲಾಗದೆ ಸಂಬಳ ಏರಬೇಕಾದರೆ, ಅಥವಾ ಬೇರೆ ಕಂಪನಿಗೆ ಹೋಗಬೇಕಾದರೆ, ಇವು ಬಿ.ಇ.ಗಿಂತ ಬೇಗ ಫಲ ಕೊಡುತ್ತವೆ.

ಗಣಿತ

ಹಾಜರಿ ದಾಟಿದವರನ್ನು ಮುಂದೆ ತಡೆಯುವುದು ಗಣಿತ. ನಿಮ್ಮ ಜೊತೆ ಮೂರನೇ ಸೆಮಿಸ್ಟರ್‌ನ ಪಠ್ಯ ಓದುವ ಹಗಲು ವಿದ್ಯಾರ್ಥಿ ಪಿಯುಸಿ ಮತ್ತು ಮೊದಲ ವರ್ಷದ ಕ್ಯಾಲ್ಕುಲಸ್ ಮುಗಿಸಿ ಬಂದಿರುತ್ತಾರೆ. ನಿಮಗೆ ಡಿಪ್ಲೊಮಾದ ಗಣಿತ, ಅದೂ ಏಳು ವರ್ಷ ಹಳೆಯದು. ಈ ಅಂತರ ತುಂಬಲು ಲ್ಯಾಟರಲ್ ವಿದ್ಯಾರ್ಥಿಗಳಿಗೆ ಹೆಚ್ಚುವರಿ ಗಣಿತದ ಪತ್ರಿಕೆ ಇಡುವುದುಂಟು. ಅಂಥ ಪತ್ರಿಕೆಗೆ ಕ್ರೆಡಿಟ್ ಇಲ್ಲವೆಂದು ಉದಾಸೀನ ಮಾಡಿದವರು, ಅದನ್ನು ಪಾಸಾಗದೆ ಪದವಿ ಸಿಗದು ಎಂಬುದನ್ನು ಕೊನೆಯ ಸೆಮಿಸ್ಟರ್‌ನಲ್ಲಿ ಅರಿತು ಪೇಚಾಡುತ್ತಾರೆ. ವಿಟಿಯುನಲ್ಲಿ ಲ್ಯಾಟರಲ್ ಸೇರಿದವರಿಗೆ ಗರಿಷ್ಠ 6 ವರ್ಷ ಅವಕಾಶವಿದೆ ನಿಜ, ಆದರೆ ಬಾಕಿ ವಿಷಯಗಳು ಹೆಚ್ಚಾದರೆ ಮುಂದಿನ ವರ್ಷಕ್ಕೆ ಬಡ್ತಿಯೇ ನಿಲ್ಲುತ್ತದೆ. ಪ್ರತಿ ವಿಷಯದಲ್ಲೂ ಒಳಮೌಲ್ಯಮಾಪನದಲ್ಲಿ 50ಕ್ಕೆ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರಿಸುವುದಿಲ್ಲ. ಹಾಗಾಗಿ ಕೊನೆಯ ತಿಂಗಳು ಓದಿ ಪಾಸಾಗುವ ಹಳೆಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಸೇರುವ ಆರು ತಿಂಗಳು ಮುಂಚೆಯೇ ಶುರುಮಾಡಿ. ದಿನಕ್ಕೆ 40 ನಿಮಿಷ ಸಾಕು. ಮೊದಲ ಎರಡು ತಿಂಗಳು ಡಿಫರೆನ್ಶಿಯೇಶನ್ ಮತ್ತು ಇಂಟಿಗ್ರೇಶನ್, ನಂತರ ಮ್ಯಾಟ್ರಿಕ್ಸ್ ಮತ್ತು ವೆಕ್ಟರ್, ಕೊನೆಗೆ ಡಿಫರೆನ್ಶಿಯಲ್ ಈಕ್ವೇಶನ್. ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನ ಪಾಠಗಳು ಉಚಿತವಾಗಿ ಸಿಗುತ್ತವೆ. ನೋಡಿ ಸುಮ್ಮನಾಗಬೇಡಿ, ದಿನಕ್ಕೆ ಐದು ಲೆಕ್ಕವನ್ನಾದರೂ ಕೈಯಲ್ಲಿ ಬಿಡಿಸಿ. ಡಿಪ್ಲೊಮಾದಲ್ಲಿ ಕನ್ನಡದಲ್ಲಿ ಉತ್ತರ ಬರೆದಿದ್ದರೆ, ಥರ್ಮೋಡೈನಾಮಿಕ್ಸ್‌ನ ಒಂದೊಂದು ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡುವುದೂ ಈ ಅವಧಿಯಲ್ಲೇ ಆಗಲಿ.

ನಿಮಗೆ ನನ್ನ ಸಲಹೆಯ ಕ್ರಮ ಹೀಗಿದೆ. ಈ ವಾರ ಅಂಕಪಟ್ಟಿ. ಮುಂದಿನ ವಾರ ಎಚ್.ಆರ್.ಗೆ ಇಮೇಲ್. ಶಿಫ್ಟಿಗೂ ಗ್ರೇಡಿಗೂ ಬರಹದಲ್ಲಿ ಒಪ್ಪಿಗೆ ಬಂದರೆ, ಅನುಮೋದನೆ ಪತ್ರ ನೋಡಿ, ಮನೆಗೂ ಕಾರ್ಖಾನೆಗೂ ನಡುವೆ ಬರುವ ಕಾಲೇಜಿನ ಉದ್ಯೋಗಸ್ಥರ ಬ್ಯಾಚಿಗೆ ಅರ್ಜಿ ಹಾಕಿ. ಪ್ರವೇಶ ಪ್ರಕಟಣೆಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣ ಮತ್ತು ಕಾಲೇಜು ಎರಡನ್ನೂ ಗಮನಿಸುತ್ತಿರಿ. ಗ್ರೇಡಿಗೆ ಒಪ್ಪಿ ಶಿಫ್ಟಿಗೆ ಒಪ್ಪದಿದ್ದರೆ ವಾರಾಂತ್ಯದ ಕೋರ್ಸ್ ನೋಡಿ, ಇಲ್ಲವೇ ಒಂದು ವರ್ಷ ತಡೆಯಿರಿ. ಆ ವರ್ಷದಲ್ಲಿ ಸಿ.ಎಂ.ಎಂ. ಕಲಿತರೆ ಅಳತೆ ಕೊಠಡಿಯ ಕೆಲಸ ಸಿಗುವ ಸಾಧ್ಯತೆ ಇದೆ, ಅನೇಕ ಕಾರ್ಖಾನೆಗಳಲ್ಲಿ ಅದು ಜನರಲ್ ಶಿಫ್ಟಿನ ಕೆಲಸ. ಎರಡಕ್ಕೂ ಒಪ್ಪದಿದ್ದರೆ, ನಿಮ್ಮ ಬಿ.ಇ.ಯಿಂದ ಲಾಭವಾಗುವುದು ಬೇರೆ ಕಂಪನಿಯಲ್ಲಿ. ಆಗ ಕಾಲೇಜು ಹುಡುಕುವುದಕ್ಕಿಂತ ಮೊದಲು ಓದಲು ಬಿಡುವ ಕೆಲಸ ಹುಡುಕಿ.